ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಬೈಬಲ್ ಇಟ್ಟುಕೊಳ್ಳುವುದು ಹೇಗೆ

ಬೈಬಲ್ ಪೂರ್ತಿ ಓದಿ ಮುಗಿಸಿ, ಆಮೇಲೆ ಅದರಂತೆ ಬದುಕೋಣ ಅಂತ ಹೊರಟವರು ನಮ್ಮ ಚರ್ಚಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಜನವರಿ 1ಕ್ಕೆ ಆದಿಕಾಂಡ ಹಿಡಿಯುತ್ತಾರೆ. ಮೂರನೆಯ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಸುಸ್ತು. ಬೈಬಲ್ ಮತ್ತೆ ಕಪಾಟು ಸೇರುತ್ತದೆ. ಬೈಬಲಿನ ಜ್ಞಾನೋಕ್ತಿಗಳು ಅನ್ನುವ ಪುಸ್ತಕದಲ್ಲಿ 31 ಅಧ್ಯಾಯ ಇವೆಯಲ್ಲ, ತಾರೀಕಿಗೊಂದು ಓದಿ ಅಂತ ಇನ್ನು ಕೆಲವರು ಹೇಳುತ್ತಾರೆ. ಅದು ವಾಸಿ. ಆದರೆ ಬೆಳಿಗ್ಗೆ ಆರಕ್ಕೆ ಓದಿದ್ದು ಎಂಟಕ್ಕೆ ಹಾಲಿನವನ ಜೊತೆ ಜಗಳ ಆಡುವಾಗ ನೆನಪಿರಬೇಕಲ್ಲ.

ಕೇಳಿದವರಿಗೆ ನಾನು ಹೇಳುವ ಕ್ರಮ ಬೇರೆ. ನಿಮ್ಮ ಕೆಲಸಕ್ಕೆ ನೇರವಾಗಿ ತಗಲುವ ನಾಲ್ಕೈದು ವಚನ ಹುಡುಕಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪ್ರತಿ ವಚನದ ಮುಂದೆ ಎರಡು ವಿಷಯ ಬರೆಯಿರಿ: ಯಾರ ಜೊತೆ, ಯಾವ ಹೊತ್ತಿನಲ್ಲಿ. ಹೆಸರೂ ಹೊತ್ತೂ ಇಲ್ಲದ ವಚನ ಗೋಡೆಯ ಕ್ಯಾಲೆಂಡರಿನಲ್ಲೇ ಉಳಿದುಹೋಗುತ್ತದೆ.

ನಾನು ಮಂಡ್ಯದ ಗುತ್ತಲು ರಸ್ತೆ ಕಡೆ ದಿನಸಿ ಅಂಗಡಿ ನಡೆಸುತ್ತೇನೆ. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಸೋಪು, ಊದುಬತ್ತಿ. ಎಲ್ಲರಿಗೂ ಅಂಗಡಿ ಅಕ್ಕ. ದೇವಶಾಸ್ತ್ರ ಓದಿದವಳಲ್ಲ. ಆದರೆ ತಕ್ಕಡಿ ಮುಂದೆ ಕೂರುವವರಿಗೆ ಬೈಬಲಿನಲ್ಲಿ ಇಷ್ಟೊಂದು ಮಾತಿದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಆದ್ದರಿಂದ ನನ್ನ ಕೆಲಸವನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ನೀವು ನಿಮ್ಮದಕ್ಕೆ ಹೊಂದಿಸಿಕೊಳ್ಳಿ.

ಶುರು ಮಾಡುವುದಕ್ಕೆ ಸಿರಾಖ ಒಳ್ಳೆಯ ಪುಸ್ತಕ. ಕ್ರಿಸ್ತನಿಗಿಂತ ಸುಮಾರು 180 ವರ್ಷ ಮೊದಲು ಜೆರುಸಲೇಮಿನ ಒಬ್ಬ ಮೇಷ್ಟ್ರು ಬರೆದದ್ದು. ಅವರ ಮೊಮ್ಮಗ ಈಜಿಪ್ಟಿಗೆ ಹೋಗಿ ಅದನ್ನು ಗ್ರೀಕ್ ಭಾಷೆಗೆ ತಂದ. ಪ್ರೊಟೆಸ್ಟೆಂಟರಾದ ಸಿ.ಎಸ್.ಐ. ಸಭೆಯವರ ಸತ್ಯವೇದದಲ್ಲಿ ಇದು ಇರುವುದಿಲ್ಲ, ನಮ್ಮ ಕಥೋಲಿಕ ಬೈಬಲಿನಲ್ಲಿ ಇರುತ್ತದೆ. ಅವರು ಜ್ಞಾನೋಕ್ತಿಗಳನ್ನೇ ಹಿಡಿದುಕೊಂಡರೂ ಆಗುತ್ತದೆ. ಸಿರಾಖ 27:2, ಅಂದರೆ 27ನೇ ಅಧ್ಯಾಯದ 2ನೇ ವಚನ ನೋಡಿ. ಎರಡು ಕಲ್ಲಿನ ಸಂದಿಗೆ ಗೂಟ ಸಿಕ್ಕಿಕೊಂಡಂತೆ, ಕೊಳ್ಳುವುದಕ್ಕೂ ಮಾರುವುದಕ್ಕೂ ನಡುವೆ ಪಾಪ ಸಿಕ್ಕಿಕೊಂಡಿರುತ್ತದೆ ಅನ್ನುತ್ತಾರೆ. ಈ ಮನುಷ್ಯ ನಮ್ಮ ಪೇಟೆ ಬೀದಿಯಲ್ಲೇನಾದರೂ ಅಂಗಡಿ ಇಟ್ಟಿದ್ದರಾ ಅನಿಸುತ್ತದೆ.

ಹಾಗಂತ ವ್ಯಾಪಾರವೇ ಪಾಪ ಅನ್ನುವವರಲ್ಲ ಅವರು. 42ನೇ ಅಧ್ಯಾಯದಲ್ಲಿ ಯಾವುದಕ್ಕೆ ನಾಚಬಾರದು ಅಂತ ಒಂದು ಪಟ್ಟಿಯನ್ನೇ ಕೊಟ್ಟಿದ್ದಾರೆ. ಸರಿಯಾದ ತೂಕ ಹಿಡಿಯುವುದಕ್ಕೆ ನಾಚಬೇಡ, ವ್ಯಾಪಾರದಲ್ಲಿ ಲಾಭ ಮಾಡುವುದಕ್ಕೂ ನಾಚಬೇಡ. ಎರಡೂ ಅಕ್ಕಪಕ್ಕದಲ್ಲೇ ಇವೆ. ಲಾಭ ಅಂದ ಕೂಡಲೇ ಮುಖ ಸಣ್ಣದು ಮಾಡಿಕೊಳ್ಳುವ ಭಕ್ತರಿಗೆ ಇದನ್ನು ತೋರಿಸುತ್ತೇನೆ. 38ನೇ ಅಧ್ಯಾಯದ ಕೊನೆಯಲ್ಲಿ ಉಳುವವನು, ಕಮ್ಮಾರ, ಕುಂಬಾರ ಎಲ್ಲರೂ ಬರುತ್ತಾರೆ. ಅವರ ಕಸುಬೇ ಅವರ ಪ್ರಾರ್ಥನೆ ಅಂತ ಮುಗಿಯುತ್ತದೆ. ದಿನಸಿ ಅಂಗಡಿಯವರ ಹೆಸರು ಅಲ್ಲಿಲ್ಲ. ಆದರೂ ನಾನು ಆ ಸಾಲಿಗೆ ಸೇರಿಕೊಂಡಿದ್ದೇನೆ.

ಮೊದಲು ತಕ್ಕಡಿ

ಮೋಸದ ತಕ್ಕಡಿ ಕಂಡರೆ ದೇವರಿಗೆ ಆಗುವುದಿಲ್ಲ ಅಂತ ಜ್ಞಾನೋಕ್ತಿ 11:1 ಹೇಳುತ್ತದೆ. 16:11, 20:10, 20:23ರಲ್ಲೂ ಮತ್ತೆ ಅದೇ ತೂಕದ ಮಾತು. ಧರ್ಮೋಪದೇಶಕಾಂಡ 25:13 ಇನ್ನೂ ಬಿಡಿಸಿ ಹೇಳುತ್ತದೆ. ಚೀಲದಲ್ಲಿ ದೊಡ್ಡದೊಂದು, ಚಿಕ್ಕದೊಂದು ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬೇಡ. ರೈತನ ಹತ್ತಿರ ಕೊಳ್ಳುವಾಗ ದೊಡ್ಡ ಕಲ್ಲು, ಗಿರಾಕಿಗೆ ಮಾರುವಾಗ ಚಿಕ್ಕ ಕಲ್ಲು. ಹಳೇ ಆಟ.

ಈಗ ಎಲ್ಲಾ ಕಡೆ ಎಲೆಕ್ಟ್ರಾನಿಕ್ ತಕ್ಕಡಿ. ಮಷೀನ್ ಸುಳ್ಳು ಹೇಳುವುದಿಲ್ಲ ಅಂತ ಜನ ನಂಬಿದ್ದಾರೆ. ಮಷೀನ್ ಹೇಳುವುದಿಲ್ಲ, ಸರಿ. ಆದರೆ ತಟ್ಟೆಯ ಮೇಲೆ ಮೊದಲೇ ಏನೋ ಇದ್ದರೆ? ಡಬ್ಬದ ತೂಕ ಕಳೆಯದೆ ಹಾಗೇ ಹಾಕಿದರೆ? ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಕೊನೆಯ ಅಂಕಿ ಕುಣಿಯುತ್ತಾ ಇರುತ್ತದೆ. ಜಾಸ್ತಿ ತೋರಿಸಿದ ಕ್ಷಣಕ್ಕೆ ಸರಕು ಎತ್ತಿಬಿಟ್ಟರೆ ಹತ್ತು ಗ್ರಾಂ ನಮ್ಮದು.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಶಟರ್ ಎತ್ತಿದ ಮೇಲೆ ಮೊದಲು ತಕ್ಕಡಿಯ ತಟ್ಟೆ ಒರೆಸಿ. ಅಂಕಿ ಸೊನ್ನೆಯಲ್ಲಿದೆಯಾ ನೋಡಿ. ತಕ್ಕಡಿಯಲ್ಲಿ ಮಟ್ಟ ನೋಡುವ ಪುಟ್ಟ ಗುಳ್ಳೆ ಇದ್ದರೆ ಅದು ನಡುವೆ ನಿಂತಿರಬೇಕು. ಒಂದು ಕೆಜಿಯ ಮುದ್ರೆ ಇರುವ ಕಬ್ಬಿಣದ ಕಲ್ಲನ್ನು ಅಂಗಡಿಯಲ್ಲಿ ಇಟ್ಟುಕೊಂಡಿರಿ, ಅದನ್ನು ಇಟ್ಟು ಪರೀಕ್ಷೆ ಮಾಡಿ. ಡಬ್ಬದಲ್ಲಿ ತೂಗುವಾಗ ಖಾಲಿ ಡಬ್ಬ ಇಟ್ಟು ಅದರ ತೂಕ ಕಳೆಯುವ ಟೇರ್ ಬಟನ್ ಒತ್ತಿ, ಆಮೇಲೆ ಸರಕು ಹಾಕಿ. ಅಂಕಿ ಗಿರಾಕಿಗೆ ಕಾಣುವ ಕಡೆ ತಿರುಗಿರಲಿ. ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯಿಂದ ಮುದ್ರೆ ಹಾಕಿಸಿ. ಅದು ಸರ್ಕಾರದ ಕಾನೂನು ಮಾತ್ರ ಅಂದುಕೊಳ್ಳಬೇಡಿ, ಜ್ಞಾನೋಕ್ತಿ 16:11ರ ಪ್ರಕಾರ ಚೀಲದಲ್ಲಿರುವ ತೂಕದ ಕಲ್ಲುಗಳೂ ದೇವರ ಲೆಕ್ಕಕ್ಕೇ ಸೇರಿದ್ದು.

ಇದಕ್ಕೆ ಯಾರ ಹೆಸರು ಬರೆದುಕೊಳ್ಳಬೇಕು? ನಾನು ಬರೆದುಕೊಂಡಿರುವುದು ಚೀಟಿ ಹಿಡಿದು ಬರುವ ಮಕ್ಕಳದ್ದು. ಹೊತ್ತು, ಬೆಳಿಗ್ಗೆ ಏಳರಿಂದ ಎಂಟು. ಅಮ್ಮ ಒಲೆ ಮುಂದೆ ಇರುತ್ತಾಳೆ, ಮಗು ಓಡಿ ಬರುತ್ತದೆ, ಸ್ಕೂಲಿಗೆ ಹೊತ್ತಾಗಿರುತ್ತದೆ. ಅದು ತಕ್ಕಡಿ ನೋಡುವುದಿಲ್ಲ, ಚಿಲ್ಲರೆ ಎಣಿಸುವುದಿಲ್ಲ. ದೊಡ್ಡವರಿಗೆ ಮೋಸ ಮಾಡಲು ಧೈರ್ಯ ಇಲ್ಲದವರಿಗೂ ಇಲ್ಲಿ ಸಲೀಸು. ಅದಕ್ಕೇ ಮಕ್ಕಳಿಗೆ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಮಗುವಿನ ಕೈಯಲ್ಲೂ ಓದಿಸಿದರೆ ಇನ್ನೂ ಒಳ್ಳೆಯದು. ಎರಡು ರೂಪಾಯಿ ಚಿಲ್ಲರೆ ಇಲ್ಲದಿದ್ದರೆ ಎರಡು ಚಾಕಲೇಟು ಕೈಗಿಟ್ಟು ಕಳಿಸುವ ಪದ್ಧತಿ ಇದೆಯಲ್ಲ, ಅದನ್ನು ಬಿಡಿ. ಚಾಕಲೇಟು ಮಗುವಿಗೆ ಇಷ್ಟವೇ, ಆದರೆ ದುಡ್ಡು ಅದರ ಅಮ್ಮನದು. ಚೀಟಿಯ ಹಿಂದೆ ‘2 ರೂ. ಕೊಡಬೇಕು’ ಅಂತ ಬರೆದು ಕಳಿಸಿ.

ಎಣ್ಣೆ ಪ್ಯಾಕೆಟ್ಟಿಗೂ ಇದೇ ಮಾತು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡುವುದಕ್ಕೆ ಲೀಟರಿನಂತೆಯೇ ಇರುವ, 800 ಅಥವಾ 850 ಗ್ರಾಂ ಮಾತ್ರ ಇರುವ ಪ್ಯಾಕೆಟ್ಟುಗಳೂ ಬರುತ್ತವೆ. ಕಾನೂನಿನ ಪ್ರಕಾರ ತಪ್ಪಿಲ್ಲ, ಮೇಲೆ ಬರೆದಿರುತ್ತದೆ. ಆದರೆ ಗಿರಾಕಿ ‘ಒಂದು ಲೀಟರ್ ಕೊಡಿ’ ಅಂದಾಗ ಸುಮ್ನೆ ಅದನ್ನು ಎತ್ತಿ ಕೊಡುವುದು ಚಿಕ್ಕ ಕಲ್ಲಿನ ಲೆಕ್ಕವೇ ಅಲ್ವಾ? ‘ಇದು ಲೀಟರ್ ಅಲ್ಲ, ರೇಟೂ ಕಮ್ಮಿ’ ಅಂತ ಒಂದು ಮಾತು ಹೇಳಿದರೆ ಮುಗಿಯಿತು.

ಬೆಲ್ಲದ ವಿಷಯ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ, ಬೆಂಡೆಗಿಡದ ಲೋಳೆ ಹಾಕುತ್ತಿದ್ದರು. ಬೆಲ್ಲ ಕಂದು ಬಣ್ಣಕ್ಕೇ ಬರುತ್ತಿತ್ತು. ಹಳದಿ ಹೊಳೆಯುವ ಬೆಲ್ಲ ಬೇಕು ಅಂತ ಪೇಟೆ ಕೇಳಿದ ಮೇಲೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಅನ್ನುವ ರಾಸಾಯನಿಕ ಬಂತು, ಕೆಲವು ಕಡೆ ಸಕ್ಕರೆ ಬೆರಕೆಯೂ ಬಂತು. ನಾನು ಎರಡೂ ಥರದ ಅಚ್ಚು ಇಡುತ್ತೇನೆ. ಕಪ್ಪು ಬೆಲ್ಲ ನೋಡಿ ಗಿರಾಕಿ ಮೂಗು ಮುರಿದಾಗ ಹಳದಿ ಯಾಕೆ ಹಳದಿ ಅಂತ ಹೇಳುತ್ತೇನೆ. ಆಮೇಲೂ ಹಳದಿಯೇ ಬೇಕೆಂದರೆ ಕೊಡುತ್ತೇನೆ. ಹೇಳುವುದು ನನ್ನ ಕೆಲಸ, ಆರಿಸುವುದು ಅವರದು. ಬೈಬಲ್ ಗಿರಾಕಿಯನ್ನೂ ಬಿಟ್ಟಿಲ್ಲ. ಜ್ಞಾನೋಕ್ತಿ 20:14ರಲ್ಲಿ ಕೊಳ್ಳುವವನು ‘ಚೆನ್ನಾಗಿಲ್ಲ, ಚೆನ್ನಾಗಿಲ್ಲ’ ಅನ್ನುತ್ತಾನೆ, ಆಚೆ ಹೋದ ಮೇಲೆ ಎಷ್ಟು ಅಗ್ಗಕ್ಕೆ ತಂದೆ ಅಂತ ಕೊಚ್ಚಿಕೊಳ್ಳುತ್ತಾನೆ. ಚೌಕಾಸಿ ಮಾಡುವ ಭಕ್ತರು ಈ ವಚನವನ್ನು ಸಂತೆಗೆ ಹೋಗುವಾಗ ಜೊತೆಗೆ ಒಯ್ಯಬೇಕು. ಸೊಪ್ಪಿನಮ್ಮನ ಹತ್ತಿರ ಐದು ರೂಪಾಯಿಗೆ ಎಳೆದಾಡಿ, ಮಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಕೊಡುವ ನಮ್ಮವರೇ ಎಷ್ಟೋ ಜನ.

ಸಾಲದ ಪುಸ್ತಕ

‘ಇಂದು ನಗದು, ನಾಳೆ ಸಾಲ’ ಅಂತ ಬೋರ್ಡ್ ಹಾಕಬಹುದು. ಆದರೆ ನಮ್ಮ ಕಡೆ ಸಾಲ ಕೊಡದೆ ದಿನಸಿ ಅಂಗಡಿ ನಡೆಯುವುದಿಲ್ಲ. ಕಬ್ಬಿನ ಬಿಲ್ ಆಗಲಿ ಅಕ್ಕ, ಡೇರಿ ಬಟವಾಡೆ ಆಗಲಿ ಅಕ್ಕ, ರೇಷ್ಮೆ ಗೂಡು ಮಾರಿಕೊಂಡು ಬಂದ ತಕ್ಷಣ ಕೊಡುತ್ತೇನೆ ಅಕ್ಕ. ದುಡಿಮೆ ಇದೆ, ಕಾಸು ಮಾತ್ರ ತಡವಾಗಿ ಬರುತ್ತದೆ. ಆದ್ದರಿಂದ ಕ್ರೈಸ್ತರಾಗಿ ಬದುಕುವ ಪರೀಕ್ಷೆ ಚರ್ಚಿನ ಬೆಂಚಿಗಿಂತ ಸಾಲದ ಪುಸ್ತಕದಲ್ಲೇ ಜಾಸ್ತಿ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲನೆಯದು, ಬರೆಯುವುದು. ಕೊಟ್ಟದ್ದು, ತೆಗೆದುಕೊಂಡದ್ದು ಎಲ್ಲವನ್ನೂ ಬರೆದಿಡು ಅಂತ ಸಿರಾಖ 42:7. ‘ನಮ್ಮವರೇ, ಬರೆಯೋದೇನು’ ಅನ್ನುವ ದಾಕ್ಷಿಣ್ಯವೇ ಮುಂದೆ ಜಗಳಕ್ಕೆ ದಾರಿ. ಎರಡು ಪುಸ್ತಕ ಇಡಿ. ದೊಡ್ಡದು ನಿಮ್ಮ ಹತ್ತಿರ, ಅಂಗೈ ಅಗಲದ್ದು ಅವರ ಹತ್ತಿರ. ಬರೀ ಮೊತ್ತ ಬರೆಯಬೇಡಿ. ‘ತೊಗರಿಬೇಳೆ ಅರ್ಧ ಕೆಜಿ, ಬಟ್ಟೆ ಸೋಪು 2’ ಅಂತ ಸರಕಿನ ಹೆಸರು ಬರೆಯಿರಿ. ಅವರು ನಿಂತಿರುವಾಗಲೇ ಬರೆಯಿರಿ, ರಾತ್ರಿ ನೆನಪು ಮಾಡಿಕೊಂಡು ಅಲ್ಲ. ಓದು ಬಾರದ ಅಜ್ಜಿ ಇದ್ದರೆ ಮೊಮ್ಮಗನ ಕೈಯಲ್ಲಿ ಓದಿಸಿ ನೋಡಿ ಅಂತ ನೀವೇ ಹೇಳಿ. ಸಾಲಕ್ಕೆ ಅಂತ ಬೇರೆ ರೇಟು ಹಾಕಬೇಡಿ. ನಗದಿನವರಿಗೆ ಒಂದು, ಸಾಲದವರಿಗೆ ಒಂದು ಅಂದರೆ ಅದೂ ಎರಡು ಕಲ್ಲೇ.

ಎರಡನೆಯದು, ಕೇಳುವುದು. ಇದಕ್ಕೆ ನನಗೆ ಬಹಳ ಇಷ್ಟವಾದ ವಚನ ಧರ್ಮೋಪದೇಶಕಾಂಡ 24:10-11. ಸಾಲ ಕೊಟ್ಟವನು ಒತ್ತೆ ತೆಗೆದುಕೊಳ್ಳಲು ಸಾಲಗಾರನ ಮನೆಯೊಳಕ್ಕೆ ನುಗ್ಗಬಾರದು. ಹೊರಗೆ ನಿಂತಿರಬೇಕು, ಅವನೇ ತಂದುಕೊಡಬೇಕು. ಕೊಟ್ಟವನು ದೊಡ್ಡವನೇ ಇರಲಿ, ಹೊಸಿಲು ಮಾತ್ರ ಸಾಲಗಾರನದು. ಸಂಘ, ಫೈನಾನ್ಸ್‌ನವರು ಬಾಗಿಲ ಮುಂದೆ ಕೂತು ಅಕ್ಕಪಕ್ಕದವರ ಮುಂದೆ ಮಾನ ಕಳೆಯುವುದನ್ನು ನಮ್ಮ ಜಿಲ್ಲೆಯ ಹಳ್ಳಿಗಳು ಸಾಕಷ್ಟು ನೋಡಿವೆ. 2025ರಲ್ಲಿ ಕರ್ನಾಟಕ ಸರ್ಕಾರ ಅಂಥ ಕಿರುಕುಳ ತಡೆಯಲೆಂದೇ ಕಾನೂನು ತಂದಿತು. ಮೋಶೆಯ ಕಾನೂನು ಅದನ್ನೇ ಒಂದು ಹೊಸಿಲಿನ ಮಾತಿನಲ್ಲಿ ಹೇಳಿಬಿಟ್ಟಿದೆ.

ಅಂಗಡಿಯಲ್ಲಿ ಇದನ್ನು ಹೀಗೆ ಮಾಡಬಹುದು. ನಾಲ್ಕು ಜನ ನಿಂತಿರುವಾಗ ಬಾಕಿ ಕೇಳಬೇಡಿ. ಸೊಸೆಯ ಬಾಕಿಯನ್ನು ಅತ್ತೆಯ ಹತ್ತಿರ ಎತ್ತಬೇಡಿ. ಮದುವೆ ಮನೆಯಲ್ಲಿ, ಹಬ್ಬದಲ್ಲಿ, ಬಸ್‌ಸ್ಟಾಂಡಿನಲ್ಲಿ ಎದುರಿಗೆ ಸಿಕ್ಕರೆ ಊಟ ಆಯ್ತಾ ಅಂತಷ್ಟೇ ಕೇಳಿ. ಬಾಕಿ ಕೇಳಲು ಸರಿಯಾದ ಹೊತ್ತು ಬಟವಾಡೆ ಆದ ಒಂದೆರಡು ದಿನದಲ್ಲಿ, ಅವರು ಒಬ್ಬರೇ ಬಂದಾಗ, ಮಧ್ಯಾಹ್ನ ಗಿರಾಕಿ ಕಮ್ಮಿ ಇರುವಾಗ. ಕೇಳುವ ಮಾತೂ ಮುಖ್ಯ. ‘ಯಾವಾಗ ಕೊಡ್ತೀಯಾ’ ಅಂದರೆ ಅವರು ಸುಳ್ಳು ತಾರೀಕು ಹೇಳಲೇಬೇಕಾಗುತ್ತದೆ. ‘ಈ ಬಟವಾಡೆಯಲ್ಲಿ ಎಷ್ಟು ಕೊಡೋಕಾಗುತ್ತೆ’ ಅಂದರೆ ನೂರೋ ಇನ್ನೂರೋ ನಿಜವಾದ ಅಂಕಿ ಬಾಯಿಗೆ ಬರುತ್ತದೆ. ಇನ್ನೊಂದು, ಫೋನ್‌ಪೇ ಡಬ್ಬಿ. ಬಾಕಿ ತೀರಿಸಿದ ಮೊತ್ತವನ್ನು ಅದು ಬೀದಿಗೆಲ್ಲಾ ಕೇಳುವಂತೆ ಕೂಗುತ್ತದೆ. ಆ ಹೊತ್ತಿಗೆ ಅದರ ಕಿವಿ ಹಿಂಡಿ ಸದ್ದು ಕಮ್ಮಿ ಮಾಡಿದರೆ ತಪ್ಪೇನಿಲ್ಲ.

ಒತ್ತೆಯ ಬಗ್ಗೆ ಅದೇ ಅಧ್ಯಾಯದ 6ನೇ ವಚನ. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬೇಡ, ಅದು ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ಈಗ ಯಾರ ಮನೆಯಲ್ಲೂ ಬೀಸುವ ಕಲ್ಲಿಲ್ಲ. ಆದರೆ ರೇಷನ್ ಕಾರ್ಡ್ ಇದೆ, ಎಟಿಎಂ ಕಾರ್ಡ್ ಇದೆ. ಬಾಕಿಗೆ ಅಂತ ಅವನ್ನು ಇಟ್ಟುಕೊಂಡರೆ ಆ ಮನೆಯ ಒಲೆಗೇ ಕೈ ಹಾಕಿದಂತಾಯಿತು. ಬೇಡ.

ಹಾಗಂತ ಕೇಳಿದವರಿಗೆಲ್ಲಾ ಕೇಳಿದಷ್ಟು ಕೊಡುವುದು ಜ್ಞಾನ ಅಲ್ಲ. ಸಾಲಗಾರ ಸಾಲಕೊಟ್ಟವನ ಆಳು ಅಂತ ಜ್ಞಾನೋಕ್ತಿ 22:7 ಹೇಳುವುದು ನನಗೂ ಅನ್ವಯ. ಪೇಟೆ ಬೀದಿಯ ಹೋಲ್‌ಸೇಲಿನವರಿಗೆ ನಾನೂ ದುಡ್ಡು ಕಟ್ಟಬೇಕಲ್ಲ. ಪ್ರತಿ ಮನೆಗೆ ಒಂದು ಮಿತಿ ಗೊತ್ತು ಮಾಡಿ, ಮೊದಲ ದಿನವೇ ಹೇಳಿಬಿಡಿ. ಮಿತಿ ದಾಟಿದಾಗ ಹೇಳುವುದು ಕಷ್ಟ. ಬೀಡಿ, ಸಿಗರೇಟು, ಗುಟ್ಕಾ ಯಾವ ಕಾರಣಕ್ಕೂ ಸಾಲದ ಪುಸ್ತಕಕ್ಕೆ ಹತ್ತಬಾರದು. ಗಂಡ ಬಂದು ‘ಮನೆಯವಳ ಲೆಕ್ಕಕ್ಕೆ ಬರ್ಕೊ’ ಅನ್ನುತ್ತಾನೆ. ಆ ಪುಸ್ತಕ ಅವಳ ಬೇಳೆಗೆ, ಇವನ ಹೊಗೆಗಲ್ಲ.

ವಾಪಸ್ ಬಾರದ ಬಾಕಿಗಳು ಇದ್ದೇ ಇರುತ್ತವೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಸಲ ಕೂತು ಪುಸ್ತಕ ತಿರುವಿ ನೋಡಿ. ಯಾರಿಗೆ ನಿಜವಾಗಿ ಕೈಲಾಗುವುದಿಲ್ಲ, ಯಾರು ಕೈಲಾದರೂ ಕೊಡುತ್ತಿಲ್ಲ ಅಂತ ನಿಮಗೇ ಗೊತ್ತಿರುತ್ತದೆ. ಮೊದಲನೆಯವರದಕ್ಕೆ ಗೀಟು ಎಳೆಯಿರಿ. ಕಲ್ಲಿನಡಿ ತುಕ್ಕು ಹಿಡಿಯುವ ಬದಲು ನೆಂಟನಿಗೋ ಸ್ನೇಹಿತನಿಗೋ ಹಣ ಹೋಗಲಿ ಅಂತ ಸಿರಾಖ 29:10 ಇದೆ. ಗೀಟು ಎಳೆದದ್ದನ್ನು ಅವರಿಗೆ ಬಿಟ್ಟು ಇನ್ನಾರಿಗೂ ಹೇಳಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದರು ಯೇಸುಸ್ವಾಮಿ. ನನ್ನ ಪುಸ್ತಕದಲ್ಲಿ ಎಷ್ಟು ಗೀಟಿದೆ ಅಂತ ಕೇಳಬೇಡಿ.

ಜಾಮೀನು ಹಾಕುವ ಮೊದಲು

ಇಲ್ಲಿ ಬೈಬಲಿನೊಳಗೇ ಎರಡು ಮಾತಿದೆ. ಅದನ್ನು ಮುಚ್ಚಿಡದೆ ಹೇಳಬೇಕು. ಜ್ಞಾನೋಕ್ತಿ 6:1-5 ಜಾಮೀನಿಗೆ ಸಿಕ್ಕಿಕೊಂಡವನಿಗೆ ನಿದ್ದೆ ಮಾಡಬೇಡ ಅನ್ನುತ್ತದೆ. ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಂಡಂತೆ ಓಡು. 22:27 ಇನ್ನೂ ಖಾರ. ತೀರಿಸಲು ಇಲ್ಲದಿದ್ದರೆ ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಆದರೆ ಸಿರಾಖ 29:14 ತೆಗೆದರೆ, ಒಳ್ಳೆಯ ಮನುಷ್ಯ ನೆರೆಯವನಿಗೆ ಜಾಮೀನು ನಿಲ್ಲುತ್ತಾನೆ ಅಂತ ಇದೆ.

ಯಾವುದು ಸರಿ? ಎರಡೂ. ನಡುವೆ ದಾರಿ ಹೇಳುವುದು ಸಿರಾಖ 8:13. ಕೈಮೀರಿ ಜಾಮೀನು ಹಾಕಬೇಡ, ಹಾಕಿದರೆ ನೀನೇ ತೀರಿಸಬೇಕಾದವನು ಅಂತ ತಿಳಿದುಕೋ. ಮಹಿಳಾ ಸಂಘದ ಗುಂಪು ಸಾಲದಲ್ಲಿ ಇರುವುದೂ ಇದೇ ಅಲ್ವಾ. ಹತ್ತು ಜನ ಒಟ್ಟಿಗೆ ಸಹಿ ಹಾಕುತ್ತಾರೆ, ಒಬ್ಬಳು ಕಟ್ಟದಿದ್ದರೆ ಒಂಬತ್ತು ಜನರ ತಲೆ ಮೇಲೆ.

ಆದ್ದರಿಂದ ಸಹಿಗೆ ಮುಂಚೆ ಒಂದು ಹಾಳೆಯಲ್ಲಿ ಮೊತ್ತ ಬರೆಯಿರಿ. ಅದನ್ನು ಪೂರ್ತಿ ನಾನೇ ಕಟ್ಟಬೇಕಾಗಿ ಬಂದರೆ ಏನು ಮಾರಬೇಕು ಅಂತ ಕೆಳಗೆ ಬರೆಯಿರಿ. ಕಿವಿಯ ಓಲೆಯಾ, ಹಸುವಾ, ಮಗಳ ಫೀಸಾ? ಆ ಹಾಳೆಯನ್ನು ಗಂಡನಿಗೆ ಅಥವಾ ಹೆಂಡತಿಗೆ ತೋರಿಸಿ. ಇಬ್ಬರೂ ಒಪ್ಪಿದರೆ ಸಹಿ ಹಾಕಿ, ಆಮೇಲೆ ಗೊಣಗಬೇಡಿ. ಒಪ್ಪದಿದ್ದರೆ ಅದೇ ದಿನ ಹೋಗಿ ಆಗುವುದಿಲ್ಲ ಅಂತ ಹೇಳಿ. ‘ನೋಡೋಣ, ನಾಳೆ ಹೇಳ್ತೀನಿ’ ಅಂತ ಎಳೆಯುವುದು ದೊಡ್ಡ ಅನ್ಯಾಯ, ಅವರು ಬೇರೆ ದಾರಿ ಹುಡುಕುವುದೂ ತಪ್ಪುತ್ತದೆ. ಬರಿಗೈಯಲ್ಲಿ ಹೇಳಬೇಡಿ. ಐನೂರೋ ಸಾವಿರವೋ, ವಾಪಸ್ ಬೇಡ ಅನ್ನುವಷ್ಟನ್ನು ಕೊಟ್ಟು ಹೇಳಿ. ಕೈಲಾದಷ್ಟು ನೆರವಾಗು, ನೀನು ಬೀಳದಂತೆ ನೋಡಿಕೋ ಅನ್ನುವ ಸಿರಾಖ 29:20 ಕೂಡ ಅಲ್ಲೇ ಇದೆ.

ಮಾತಿಗೂ ತೂಕ

ಊರಿನ ಸುದ್ದಿಯೆಲ್ಲಾ ಬಂದು ಬೀಳುವುದು ದಿನಸಿ ಅಂಗಡಿಯ ಕಟ್ಟೆಗೆ. ನಿನ್ನ ಮಾತಿಗೂ ತಕ್ಕಡಿ, ತೂಕದ ಕಲ್ಲು ಮಾಡಿಕೋ, ಬಾಯಿಗೆ ಬಾಗಿಲು, ಅಗುಳಿ ಹಾಕಿಕೋ ಅನ್ನುವ ಸಿರಾಖ 28:25 ಓದಿದಾಗ ನನಗೇ ಬರೆದದ್ದು ಅನಿಸುತ್ತದೆ.

ಮಧ್ಯಾಹ್ನ ಮೂರರ ಹೊತ್ತು. ಒಬ್ಬರು ಬರುತ್ತಾರೆ. ಬೇಕಾಗಿರುವುದು ಕಾಲು ಕೆಜಿ ಹುರಿಗಡಲೆ, ಆದರೆ ಕಣ್ಣು ರಸ್ತೆಯ ಆಚೆ ಮನೆಯ ಮೇಲೆ.

‘ಅಕ್ಕ, ಅವ್ರ ಮಗ್ಳು ಬೆಂಗ್ಳೂರಿಂದ ವಾಪಸ್ ಬಂದವ್ಳಂತೆ, ಇಸ್ಯ ಏನು?’

‘ಬಂದಿರ್ಬೇಕು ಕಣವ್ವ. ಕಾಲು ಕೆಜಿ ಸಾಕಾ?’

‘ಗಂಡನ್ ಕುಟೆ ಏನೋ ಆಗದಂತೆ. ನಿಮ್ ಅಂಗ್ಡಿಗೆ ಬತ್ತಾರಲ್ಲ, ನಿಮ್ಗೆ ಗೊತ್ತಿರ್ತದೆ.’

‘ಬತ್ತಾರೆ, ಸಕ್ಕರೆ ತಗೊಂಡು ಹೋಯ್ತಾರೆ. ಅದ್ರಾಚೆ ಅವ್ರ ಮನೆ ಇಸ್ಯ. ತಕ್ಕೊ, ಇಪ್ಪತ್ತೆಂಟು ರೂಪಾಯಿ.’

ಇಲ್ಲಿ ‘ನಂಗೊತ್ತಿಲ್ಲ’ ಅನ್ನಬೇಡಿ. ಗೊತ್ತಿದ್ದರೆ ಅದು ಸುಳ್ಳು. ‘ಅದು ಅವರ ವಿಷಯ’ ಅನ್ನಿ, ತಕ್ಷಣ ಸರಕಿನ ಮಾತಿಗೆ ಬನ್ನಿ. ಹೇಳಿದವರಿಗೂ ಅವಮಾನ ಆಗಬಾರದು, ಅವರೂ ನಾಳೆ ಬರುವ ಗಿರಾಕಿ. ಕೇಳಿದ್ದನ್ನು ನಿನ್ನೊಳಗೇ ಸಾಯಲು ಬಿಡು, ಹೊಟ್ಟೆ ಒಡೆದು ಹೋಗುವುದಿಲ್ಲ ಅಂತ ಸಿರಾಖ 19:10 ಧೈರ್ಯ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಒಂದೊಂದು ಸಲ ಒಡೆಯುತ್ತದೆ ಅಂತಲೇ ಅನಿಸುತ್ತದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಟ್ಟು ಒಳ್ಳೆ ಮಾತಾಡು ಅನ್ನುತ್ತೇವಲ್ಲ, ನಾಲಿಗೆ ಹಿಡಿತದ ಬಗ್ಗೆ ಇರುವ ಯಕೋಬನ ಪತ್ರದ 3ನೇ ಅಧ್ಯಾಯವನ್ನು ಆ ದಿನ ಓದಿಕೊಂಡರೆ ಸರಿಹೋಗುತ್ತದೆ.

ಸಾಲದ ಪುಸ್ತಕವೂ ಇದಕ್ಕೇ ಸೇರಿತು. ಯಾರ ಬಾಕಿ ಎಷ್ಟು ಅನ್ನುವುದು ಇನ್ನೊಬ್ಬರಿಗೆ ಕಾಣದಂತೆ ಗಲ್ಲಾಪೆಟ್ಟಿಗೆಯ ಒಳಗೇ ಇರಲಿ.

ಕೂಲಿಯ ವಿಷಯ ಒಂದೇ ಮಾತು. ಕೆಲಸದವರ ಸಂಬಳವನ್ನು ಬೆಳಗಿನವರೆಗೂ ಇಟ್ಟುಕೊಳ್ಳಬೇಡ ಅಂತ ಯಾಜಕಕಾಂಡ 19:13. ಕಥೋಲಿಕ ಬೈಬಲಿನ ಇನ್ನೊಂದು ಪುಸ್ತಕದಲ್ಲಿ ತೋಬಿತನೂ ಮಗನಿಗೆ ಇದನ್ನೇ ಹೇಳುತ್ತಾನೆ. ಮೂಟೆ ಇಳಿಸಿದ ಹಮಾಲಿಗೆ ಅವನ ಬೆವರು ಆರುವ ಮೊದಲು, ಅಂಗಡಿ ಹುಡುಗನಿಗೆ ಶನಿವಾರ ಗಲ್ಲಾ ಎಣಿಸುವ ಮೊದಲು ಕೊಡಿ. ಎಣಿಸಿದ ಮೇಲೆ ಕೈ ಬಿಗಿಯಾಗುತ್ತದೆ.

ಹಬ್ಬ, ಕರ್ಪೂರ, ಭಾನುವಾರ

ಕ್ರೈಸ್ತಳಾಗಿ ಕರ್ಪೂರ, ಊದುಬತ್ತಿ ಮಾರುತ್ತೀಯಾ ಅಂತ ಚರ್ಚಿನಲ್ಲೇ ಕೇಳಿದವರಿದ್ದಾರೆ. ಮಾರುತ್ತೇನೆ. ನೆರೆಯವರ ಮನೆಗೆ ಬೇಕಾದದ್ದನ್ನು ಸರಿಯಾದ ಬೆಲೆಗೆ ಇಡುವುದು ನನ್ನ ಕಸುಬು. ಆಯುಧಪೂಜೆ ದಿನ ಪಕ್ಕದ ವೆಲ್ಡಿಂಗ್ ಶಾಪಿನವರು ಪುರಿ, ಸಿಹಿ ತಂದುಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ. ಹಿಂದೆ ಕೊರಿಂಥ ಪಟ್ಟಣದ ಕ್ರೈಸ್ತರಿಗೂ ಇದೇ ಕಷ್ಟ ಬಂದಿತ್ತು, ಅಲ್ಲಿ ಪೇಟೆಯಲ್ಲಿ ಮಾರುವ ಮಾಂಸ ವಿಗ್ರಹಕ್ಕೆ ಅರ್ಪಿಸಿದ್ದೋ ಏನೋ ಅಂತ. ಸಂತ ಪೌಲರು ಅವರಿಗೆ ಬರೆದ ಮೊದಲನೆಯ ಪತ್ರದ 8 ಮತ್ತು 10ನೇ ಅಧ್ಯಾಯದಲ್ಲಿ ಇದನ್ನು ಉದ್ದಕ್ಕೆ ಬಿಡಿಸುತ್ತಾರೆ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ, ಆದರೆ ಅದರಿಂದ ಇನ್ನೊಬ್ಬರ ಮನಸ್ಸು ಕದಡುವುದಾದರೆ ಬಿಡಿ. ನಮ್ಮವರಲ್ಲೇ ಕೆಲವರು ತಿನ್ನುವುದಿಲ್ಲ. ಅವರ ಮನಸ್ಸಾಕ್ಷಿ ಅವರದು. ತಿನ್ನುವವರು ತಿನ್ನದವರನ್ನು ಹೀನವಾಗಿ ನೋಡಬಾರದು, ತಿನ್ನದವರು ತಿನ್ನುವವರಿಗೆ ತೀರ್ಪು ಕೊಡಬಾರದು ಅಂತ ರೋಮನರಿಗೆ ಬರೆದ ಪತ್ರದ 14ರಲ್ಲಿ ಇತ್ಯರ್ಥ ಆಗಿದೆ. ತಿನ್ನದವರು ಬೇಡ ಅನ್ನುವುದನ್ನು ನಗುಮುಖದಲ್ಲಿ ಹೇಳಿ, ಕ್ರಿಸ್‌ಮಸ್ಸಿಗೆ ಕೇಕು, ಕರ್ಜಿಕಾಯಿ, ಚಕ್ಕುಲಿ ಮಾತ್ರ ಮರೆಯದೆ ಆ ಮನೆಗೆ ಕಳಿಸಿ.

ಭಾನುವಾರ ಅಂಗಡಿ ಮುಚ್ಚಿ ಅಂತ ನಾನು ಹೇಳುವುದು ಆಮೋಸ 8:5ರ ಕಾರಣಕ್ಕೆ. ಅಲ್ಲಿನ ವರ್ತಕರು ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಯಾವಾಗ ಮುಗಿಯುತ್ತದೋ, ಯಾವಾಗ ಧಾನ್ಯ ಮಾರುವೆವೋ ಅಂತ ಕಾಯುತ್ತಿದ್ದಾರೆ, ಅಳತೆ ಚಿಕ್ಕದು ಮಾಡಿ ಬೆಲೆ ಜಾಸ್ತಿ ಮಾಡುವ ಯೋಚನೆ ಬೇರೆ. ಚರ್ಚಿನ ಪೂಜೆಯಲ್ಲಿ ಮೊಣಕಾಲೂರಿಕೊಂಡು ಕೊಬ್ಬರಿ ರೇಟು ಲೆಕ್ಕ ಹಾಕುವವರಿಗೆ ಅರ್ಥವಾಗುತ್ತದೆ. ಗಿರಾಕಿಗಳು ಶನಿವಾರ ಸಂಜೆಯೇ ತೆಗೆದುಕೊಂಡು ಹೋಗುವುದನ್ನು ಕಲಿಯುತ್ತಾರೆ. ಮಗುವಿನ ಹಾಲಿನಪುಡಿ ಬೇಕು ಅಂತ ಬಾಗಿಲು ತಟ್ಟಿದರೆ ಮಾತ್ರ ತೆಗೆಯಿರಿ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ತಿನಲ್ಲೂ ಮೇಲೆತ್ತುತ್ತೀರಲ್ಲ ಅಂತ ಯೇಸುವೇ ಕೇಳಿದ್ದಾರೆ.

ರಾತ್ರಿ ಗಲ್ಲಾ ಎಣಿಸಿ, ಶಟರ್ ಎಳೆಯುವ ಮೊದಲು ಐದು ನಿಮಿಷ ನೋಟ್‌ಬುಕ್ ನೋಡಿ. ಲೊಯೋಲದ ಸಂತ ಇಗ್ನಾಸಿಯವರು ದಿನದ ಕೊನೆಗೆ ಮನಸ್ಸಾಕ್ಷಿಯನ್ನು ತಡವಿ ನೋಡಿ, ಮೊದಲು ಕೃತಜ್ಞತೆ ಹೇಳಿ ಅಂತ ಕಲಿಸಿದರು. ಹಾಗೇ ಮೊದಲು ಒಳ್ಳೆಯದಾದದ್ದಕ್ಕೆ ಥ್ಯಾಂಕ್ಸ್ ಹೇಳಿ. ಆಮೇಲೆ ಬರೆದ ಹೆಸರಿನವರು ಇವತ್ತು ಬಂದರಾ, ಬಂದಾಗ ಏನಾಯಿತು ಅಂತ ನೋಡಿ. ಒಂದು ವಚನ ರೂಢಿಗೆ ಬಂತು ಅನಿಸಿದಾಗ ಅದನ್ನು ಬಿಟ್ಟು ಬೇರೆಯದು ಬರೆದುಕೊಳ್ಳಿ.

ಬೇರೆ ಕೆಲಸದವರಿಗೆ

ಆಟೋ ಓಡಿಸುವವರು ಯಾಜಕಕಾಂಡ 19:33-34ರಿಂದ ಶುರು ಮಾಡಿ. ಪರದೇಶದವನನ್ನು ನಿಮ್ಮ ಊರಿನವನಂತೆಯೇ ನೋಡಿ ಅಂತ ಇದೆ. ಹೆಸರು, ಭಾಷೆ ಬಾರದೆ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಯುವ ಪ್ಯಾಸೆಂಜರ್ ಅಂತ ಬರೆದುಕೊಳ್ಳಿ. ಹೊತ್ತು, ರಾತ್ರಿಯ ಗಾಡಿ ಬರುವಾಗ. ಮೇಷ್ಟ್ರು, ಟೀಚರುಗಳಿಗೆ ಯಕೋಬ 3:1, ಕಲಿಸುವವರಿಗೆ ಕಟ್ಟುನಿಟ್ಟಿನ ತೀರ್ಪು. ಆಫೀಸಿನಲ್ಲಿ ಫೈಲ್ ಮುಂದಿಟ್ಟುಕೊಂಡು ಕೂರುವವರಿಗೆ ವಿಮೋಚನಕಾಂಡ 23:8, ಲಂಚ ಕಣ್ಣಿದ್ದವರನ್ನೂ ಕುರುಡು ಮಾಡುತ್ತದೆ. ಗದ್ದೆ ಇರುವವರು ಯಾಜಕಕಾಂಡ 19:9 ಓದಿ, ಕೊಯ್ಲಿನಲ್ಲಿ ಬಡವರಿಗೆ ಅಂತ ಹೊಲದ ಮೂಲೆ ಬಿಡಿ. ಬೈಬಲಿನ ಬಡ ವಿಧವೆ ರೂತಳಿಗೆ ಹೊಟ್ಟೆ ತುಂಬಿದ್ದು ಅಂಥ ಹೊಲದಲ್ಲೇ.

ಮನೆ ಕಟ್ಟಿಸುತ್ತಿರುವವರಿಗೆ ಧರ್ಮೋಪದೇಶಕಾಂಡ 22:8. ಹೊಸ ಮನೆಯ ಮಾಳಿಗೆಗೆ ಸುತ್ತಲೂ ಗೋಡೆ ಕಟ್ಟು, ಯಾರಾದರೂ ಬಿದ್ದರೆ ಆ ರಕ್ತ ನಿನ್ನ ಮನೆಯ ಮೇಲೆ ಅಂತ ಬರೆದಿದೆ. ಹೆಸರು ಮೇಸ್ತ್ರಿಯದು ಹಾಕಿಕೊಳ್ಳಿ. ಹೊತ್ತು, ಮೋಲ್ಡ್ ಹಾಕುವುದಕ್ಕೆ ಒಂದು ವಾರ ಮೊದಲು, ಇಟ್ಟಿಗೆಯ ಲೆಕ್ಕ ಕೊಡುವಾಗಲೇ. ಆಮೇಲೆ ಹೇಳಿದರೆ ದುಡ್ಡು ಮುಗಿಯಿತು, ಮುಂದಿನ ವರ್ಷ ಕಟ್ಟೋಣ ಅನ್ನುತ್ತಾರೆ.